ಅನ್ಯಲೋಕದಲ್ಲಿ ಮನುಷ್ಯರು ಬೇಡವೇ?

ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಯಾವ ಪಾತ್ರವೇ ಇರಲಿ, ರಂಗದ ಮೇಲೆ ಬಂದು ಕುಣಿದು ನಿಂತ ಕೂಡಲೇ ಸಾರಥಿ ಅದನ್ನು ಮಾತಿಗೆಳೆಯುತ್ತಾನೆ. ತಾವು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನಾದರೂ ಸರಿ, ರಾಕ್ಷಸನಾದರೂ ಸರಿ, ಉತ್ತರ ಹೇಳದೆ ಆಟ ಮುಂದೆ ಸಾಗುವುದಿಲ್ಲ. ಕಥೆಯಲ್ಲಿ ಪಾತ್ರ ಎಂದರೇನು ಎಂಬುದನ್ನು ಬಿ.ಎ. ಓದುವಾಗಿನ ವಿಮರ್ಶೆಯ ಪುಸ್ತಕಗಳಿಗಿಂತ ಚೆನ್ನಾಗಿ ನನಗೆ ತಿಳಿಸಿಕೊಟ್ಟದ್ದು ಈ ಸಾರಥಿಯ ಮೂರು ಪ್ರಶ್ನೆಗಳು.

ಇವೇ ಪ್ರಶ್ನೆಗಳನ್ನು ಈಚೆಗೆ ಜಪಾನಿನ ಚಿತ್ರಕಥೆಗಳಿಗೆ ಕೇಳಿ ನೋಡುವ ಪ್ರಸಂಗ ಬಂತು. ಹುಬ್ಬಳ್ಳಿಯಲ್ಲಿ ಕಾಲೇಜು ಓದುವ ನನ್ನ ತಂಗಿಯ ಮಗಳು ರಜೆಗೆ ಮುಂಡರಗಿಗೆ ಬಂದರೆ ಮೊಬೈಲಿನಲ್ಲಿ ಇವನ್ನೇ ಓದುತ್ತ ಕೂಡುತ್ತಾಳೆ. ಜಪಾನಿನವರು ಈ ಚಿತ್ರಕಥೆಗಳಿಗೆ ಮಾಂಗಾ ಎನ್ನುತ್ತಾರೆ. ಅದರಲ್ಲೊಂದು ಬಗೆ ‘ಇಸೆಕಾಯಿ’. ಹೀರೇಕಾಯಿ, ಸೌತೆಕಾಯಿಗಳ ಸಾಲಿಗೆ ಇನ್ನೊಂದು ಸೇರಿತು ಎಂದುಕೊಳ್ಳಬೇಡಿ; ಆ ಮಾತಿನ ಅರ್ಥ ಅನ್ಯಲೋಕ. ಈ ಲೋಕದ ಸಾಧಾರಣ ಹುಡುಗನೊಬ್ಬ ಲಾರಿಗೆ ಸಿಕ್ಕು ಸತ್ತೋ, ಯಾರದೋ ಮಂತ್ರದ ಸೆಳೆತಕ್ಕೆ ಸಿಕ್ಕೋ ಇನ್ನೊಂದು ಲೋಕ ಸೇರುತ್ತಾನೆ. ಅಲ್ಲಿ ಕತ್ತಿ, ಮಾಟ, ರಾಕ್ಷಸರು. ಕಥೆ ಕರಾಳವಾದರಂತೂ ರಕ್ತ, ದ್ರೋಹ, ಗುಲಾಮಗಿರಿ. “ದೊಡ್ಡವ್ವಾ, ನೀ ಮೊದ್ಲ ಓದು, ಆಮ್ಯಾಲ ಬೈಯ್ಯಿ” ಎಂದಳು ಹುಡುಗಿ. ನ್ಯಾಯವಾದ ಮಾತು. ಇಂಗ್ಲಿಷ್ ಅನುವಾದದಲ್ಲಿ, ಬಲದಿಂದ ಎಡಕ್ಕೆ ಚಿತ್ರಗಳನ್ನು ನೋಡುತ್ತ ಓದಿದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ತಕರಾರು ಮಾಟಮಂತ್ರದ ಮೇಲಲ್ಲ. ಚಂದಮಾಮದ ಬೇತಾಳನನ್ನು ಓದಿ ಬೆಳೆದ ನಮಗೆ ಹೆಣ ಮಾತಾಡಿದರೆ ಆಶ್ಚರ್ಯವಿಲ್ಲ. ಕತ್ತಲೆಯ ಮೇಲೂ ಅಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಕಂಡ ಕತ್ತಲೆಗಿಂತ ಹೆಚ್ಚಿನದು ಯಾವ ರಾಕ್ಷಸರ ಗುಹೆಯಲ್ಲಿದೆ? ನನ್ನ ತಕರಾರು ಇಷ್ಟೇ: ಈ ಕಥೆಗಳಲ್ಲಿ ಕಷ್ಟಗಳಿವೆ, ಕಷ್ಟಪಡುವ ಮನುಷ್ಯರಿಲ್ಲ.

ಬಹಳ ಹೆಸರಾದ ಒಂದನ್ನೇ ತೆಗೆದುಕೊಳ್ಳೋಣ. ಅನೆಕೊ ಯುಸಗಿ ಎಂಬ ಹೆಸರಿನಲ್ಲಿ ಬಂದ ‘ದಿ ರೈಸಿಂಗ್ ಆಫ್ ದಿ ಶೀಲ್ಡ್ ಹೀರೊ’, ಅಂದರೆ ಗುರಾಣಿ ವೀರನ ಕಥೆ. 2012ರಲ್ಲಿ ಅಂತರ್ಜಾಲದಲ್ಲಿ ಧಾರಾವಾಹಿಯಾಗಿ ಆರಂಭವಾಗಿ, 2013ರಲ್ಲಿ ಪುಸ್ತಕವಾಗಿ, 2014ರಲ್ಲಿ ಚಿತ್ರಕಥೆಯಾಗಿ, 2019ರಲ್ಲಿ ಟಿ.ವಿ.ಗೂ ಬಂತು. ನವೊಫುಮಿ ಎಂಬ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಪುಸ್ತಕ ಓದುತ್ತಿದ್ದಾಗ ಇನ್ನೊಂದು ಲೋಕಕ್ಕೆ ಸೆಳೆಯಲ್ಪಡುತ್ತಾನೆ. ಕತ್ತಿ, ಭರ್ಜಿ, ಬಿಲ್ಲು ಉಳಿದ ಮೂವರಿಗೆ ದೊರೆತರೆ ಇವನ ಪಾಲಿಗೆ ಬರೀ ಗುರಾಣಿ. ಅಲ್ಲಿನ ರಾಜಕುಮಾರಿ ಮಾಲ್ಟಿ ಇವನ ಹಣ ಕದ್ದು, ತನ್ನ ಮೇಲೆ ಬಲಾತ್ಕಾರಕ್ಕೆ ಬಂದನೆಂದು ಸುಳ್ಳು ದೂರು ಕೊಡುತ್ತಾಳೆ. ಎಲ್ಲರೂ ನಂಬುತ್ತಾರೆ. ಅಂದಿನಿಂದ ಅವನು ಯಾರನ್ನೂ ನಂಬದ ಕಹಿ ಮನುಷ್ಯ.

ಸಾರಥಿ ಇಲ್ಲಿ ಮಾಲ್ಟಿಯನ್ನು ತಡೆದು, ಅಮ್ಮಾ, ನೀನು ಬಂದ ಕಾರಣವೇನು ಎಂದು ಕೇಳಿದರೆ ಆಕೆಯ ಬಳಿ ಉತ್ತರವಿಲ್ಲ. ಆ ರಾಜ್ಯಕ್ಕೆ ಗುರಾಣಿ ವೀರನ ಮೇಲೆ ಹಳೆಯ ಮತದ್ವೇಷವಿದೆ ಎಂದು ಮುಂದೆ ತಿಳಿಯುತ್ತದೆ, ಒಪ್ಪೋಣ. ಆದರೆ ಆಕೆಗೆ? ಭಯವಿಲ್ಲ, ಹಟದ ಹಿಂದೊಂದು ನೋವಿಲ್ಲ, ರಾತ್ರಿ ಒಬ್ಬಳೇ ಇದ್ದಾಗ ಏನು ಯೋಚಿಸುತ್ತಾಳೆ ಎಂಬುದಿಲ್ಲ. ಕೆಟ್ಟವಳು, ಅದಕ್ಕೇ ಕೆಟ್ಟದ್ದು ಮಾಡಿದಳು. ಕೊನೆಗೆ ರಾಣಿಯೆದುರು ವಿಚಾರಣೆಯಾದಾಗ ತೀರ್ಪು ಏನೆಂದರೆ, ಆಕೆಯ ಹೆಸರನ್ನು ಕಿತ್ತು ಹೆಂಗಸರನ್ನು ಬೈಯುವ ಹೊಲಸು ಮಾತನ್ನೇ ಹೆಸರಾಗಿ ಇಡುವುದು. ರಾಜನಿಗೂ ಕಸ ಎಂಬರ್ಥದ ಹೆಸರು ಬೀಳುತ್ತದೆ, ನಿಜ. ಆದರೆ ಬೈಗುಳದಲ್ಲೂ ಗಂಡಸಿಗೆ ಕಸ, ಹೆಂಗಸಿಗೆ ಶೀಲ!

ಕಥೆಯಲ್ಲಿ ಸುಳ್ಳು ಹೇಳುವ ಹೆಣ್ಣು ಇರಬಾರದೆಂದು ನಾನು ಹೇಳುತ್ತಿಲ್ಲ. ಇರಲಿ, ಆದರೆ ಮನುಷ್ಯಳಾಗಿರಲಿ. ಒಬ್ಬ ಹುಡುಗಿ ತನಗಾದದ್ದನ್ನು ಬಾಯಿಬಿಟ್ಟು ಹೇಳಲು ಎಷ್ಟು ದಿನ ಒದ್ದಾಡುತ್ತಾಳೆ, ಹೇಳಿದ ಮೇಲೆ ಯಾರು ಯಾರು ಹೇಗೆ ನೋಡುತ್ತಾರೆ ಎಂಬುದನ್ನು ಶಾಲೆಯಲ್ಲಿ ಆಯುಷ್ಯ ಕಳೆದ ನಮ್ಮಂಥವರು ಕಂಡಿದ್ದೇವೆ. ಅಂಥ ದೂರನ್ನು ಕಥೆ ಹೂಡಲು ಒಂದು ಕೀಲಿಯಂತೆ ಬಳಸಿ ಬಿಸಾಡುವುದು ನನಗೆ ಸಹಿಸಲಾಗದು.

ಇನ್ನೊಬ್ಬಳು ರಾಫ್ತಾಲಿಯಾ. ರಕ್ಕಸರ ಹಾವಳಿಯಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಗುಲಾಮರ ಸಂತೆಯಲ್ಲಿ ಕೆಮ್ಮುತ್ತ ಪಂಜರದಲ್ಲಿರುವ ಸಣ್ಣ ಹುಡುಗಿ. ರಾತ್ರಿ ನಿದ್ದೆಯಲ್ಲಿ ಕಿರಿಚುತ್ತಾಳೆ. ಇವಳ ಬಳಿ ಸಾರಥಿಗೆ ಹೇಳಲು ಉತ್ತರವಿದೆ. ಓದುತ್ತ ನನಗೂ ಆಸೆ ಹುಟ್ಟಿತು. ನವೊಫುಮಿ ಅವಳನ್ನು ಕೊಂಡು ತಂದು, ಊಟ ಹಾಕಿ, ಔಷಧ ಕೊಟ್ಟು, ಕತ್ತಿ ಹಿಡಿಸುತ್ತಾನೆ. ಈ ಲೋಕದಲ್ಲಿ ಎಲ್ಲರ ಶಕ್ತಿಗೂ ಅಂಕಪಟ್ಟಿಯಂತೆ ಸಂಖ್ಯೆಗಳಿವೆ. ಒಂದೊಂದು ಪ್ರಾಣಿ ಕೊಂದಂತೆ ಅಂಕ ಏರುತ್ತದೆ. ಅಂಕ ಏರಿದಂತೆ ಆ ಮಗು ಕೆಲವೇ ದಿನಗಳಲ್ಲಿ ಬೆಳೆದ ಚೆಲುವೆಯಾಗುತ್ತಾಳೆ, ಕೊಂಡುತಂದವನನ್ನೇ ಪ್ರೀತಿಸುತ್ತಾಳೆ.

ಐದನೆಯ ಇಯತ್ತೆಯಲ್ಲಿ ಕಂಡ ಹುಡುಗಿ ಏಳನೆಯದಕ್ಕೆ ಬರುವಷ್ಟರಲ್ಲಿ ಎಷ್ಟು ಬದಲಾಗುತ್ತಾಳೆ! ಒಂದು ದಿನ ಗೆಳತಿಯ ಸಂಗಡ ಮಾತು ಬಿಡುತ್ತಾಳೆ, ಒಂದು ದಿನ ಕಾರಣವಿಲ್ಲದೆ ಅಳುತ್ತಾಳೆ, ಒಂದು ದಿನ ನಮಗೇ ಎದುರು ಮಾತಾಡುತ್ತಾಳೆ. ಬೆಳೆಯುವುದೆಂದರೆ ಅದು. ರಾಫ್ತಾಲಿಯಾಳಿಗೆ ಎದುರು ಮಾತಾಡುವ ವಯಸ್ಸೇ ಬರಲಿಲ್ಲ. ಭರ್ಜಿಯ ವೀರನೊಂದಿಗೆ ನಡೆದ ಕಾಳಗದ ನಂತರ ಅವಳ ಗುಲಾಮಿ ಮುದ್ರೆಯನ್ನು ಅಳಿಸುತ್ತಾರೆ. ಆಗ ಅವಳು ತನ್ನ ಮಾತು ತಾನಾಡಬಹುದಿತ್ತು. ಜೊತೆಗಿರುತ್ತೇನೆ, ಆದರೆ ಸರಿಸಮಳಾಗಿ, ಎನ್ನಬಹುದಿತ್ತು. ಅವಳು ಮಾಡುವುದೇನು? ನಂಬಿಕೆಯ ಗುರುತೆಂದು ಅದೇ ಮುದ್ರೆಯನ್ನು ಮತ್ತೆ ಹಾಕಿಸಿಕೊಳ್ಳುತ್ತಾಳೆ. ಒಬ್ಬಳು ನೋಯಿಸಲು, ಇನ್ನೊಬ್ಬಳು ಆ ಗಾಯಕ್ಕೆ ಅರಿಸಿನ ಹಚ್ಚಲು. ಎರಡೂ ಗಾಯ ಅವನದೇ.

ಆದ್ದರಿಂದ ಕರಾಳತೆಯೂ ಟೊಳ್ಳಾಗುತ್ತದೆ. ನಾಯಕನಿಗೆ ಬಿದ್ದ ಪೆಟ್ಟು ಅವನ ಒಳಗನ್ನು ಕದಡುವುದಿಲ್ಲ. ಮುಂದೆ ಅವನು ಏನು ಮಾಡಿದರೂ ನಡೆಯುತ್ತದೆ ಎಂಬ ಪರವಾನಗಿ ಆಗುತ್ತದೆ. ನನಗೆ ಅನ್ಯಾಯವಾಗಿದೆ, ಆದ್ದರಿಂದ ಮನುಷ್ಯರನ್ನು ಕೊಳ್ಳಬಹುದು ಎನ್ನುತ್ತದೆ ಕಥೆ. ಎದುರು ನಿಂತು ಅವನನ್ನು ಪ್ರಶ್ನಿಸಿ ಗೆಲ್ಲಬಲ್ಲ ಒಬ್ಬ ಮನುಷ್ಯನೂ ಅಲ್ಲಿಲ್ಲ.

ಅನ್ಯಲೋಕದ ಕಥೆಗಳ ಹಣೆಬರಹವೇ ಇದು ಎನ್ನುವವರಿಗೆ ನಮ್ಮ ಗದುಗಿನ ನಾರಣಪ್ಪನನ್ನು ತೋರಿಸಬೇಕು. ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಅರ್ಜುನ ಇಂದ್ರಲೋಕಕ್ಕೆ ಹೋಗುತ್ತಾನಲ್ಲ, ಅದೂ ಇಸೆಕಾಯಿಯೇ. ಅಲ್ಲಿ ಊರ್ವಶಿ ಅವನನ್ನು ಬಯಸಿ ಬರುತ್ತಾಳೆ. ಪುರೂರವನ ಮಡದಿಯಾಗಿದ್ದ ನೀನು ನನಗೆ ತಾಯಿ ಎಂದು ಅವನು ಕೈಮುಗಿಯುತ್ತಾನೆ. ಆಕೆ ಸುಮ್ಮನೆ ತಲೆತಗ್ಗಿಸಿ ಹೋಗುವ ಬೊಂಬೆಯಲ್ಲ. ನಿಮ್ಮ ಲೋಕದ ನಂಟನ್ನು ನಮ್ಮ ಲೋಕಕ್ಕೆ ತರಬೇಡ ಎಂದು ವಾದಿಸುತ್ತಾಳೆ. ಓದುವವರಿಗೆ ಅರ್ಜುನನ ಮಾತೂ ಸರಿ ಎನಿಸುತ್ತದೆ, ಆಕೆಯ ಅಪಮಾನವೂ ತಟ್ಟುತ್ತದೆ. ಶಾಪ ಕೊಡುತ್ತಾಳೆ, ಶಾಪ ಫಲಿಸುತ್ತದೆ. ಪರಲೋಕದಲ್ಲಿ ಆದದ್ದು ಅಲ್ಲಿಗೇ ಮುಗಿಯದೆ ಭೂಮಿಗೆ ಬಂದು, ಗಾಂಡೀವಿಯು ಒಂದು ವರ್ಷ ಬೃಹನ್ನಳೆಯಾಗಿ ವಿರಾಟನ ಮಗಳಿಗೆ ನಾಟ್ಯ ಕಲಿಸಬೇಕಾಗುತ್ತದೆ. ಆ ಬೃಹನ್ನಳೆಯ ಎದುರಿಗೇ ಉತ್ತರಕುಮಾರ ಬರುತ್ತಾನೆ. ಹೆಂಗಸರ ಮುಂದೆ ಜಂಬ ಕೊಚ್ಚಿ, ಸೈನ್ಯ ಕಂಡು ರಥದಿಂದ ಹಾರಿ ಓಡಿದ ಹೇಡಿ, ಕೊನೆಗೆ ಅದೇ ರಣದಲ್ಲಿ ಅರ್ಜುನನ ರಥ ನಡೆಸುತ್ತಾನೆ. ಅವನ ಶಕ್ತಿಗೆ ಯಾರೂ ಅಂಕ ಹಾಕಲಿಲ್ಲ. ಆದರೂ ಅವನು ಬೆಳೆದದ್ದು ನಮಗೆ ಕಾಣುತ್ತದೆ.

ನಮ್ಮ ಹಳೆಯದೆಲ್ಲ ಬಂಗಾರ, ಜಪಾನಿನದೆಲ್ಲ ತಗಡು ಎಂದು ತಿಳಿಯಬೇಡಿ. ಫುಯುಮಿ ಒನೊ ಎಂಬ ಲೇಖಕಿ 1992ರಲ್ಲಿ ಆರಂಭಿಸಿದ ‘ಹನ್ನೆರಡು ರಾಜ್ಯಗಳು’ ಎಂಬ ಕಾದಂಬರಿ ಮಾಲೆಯೂ ಅನ್ಯಲೋಕದ್ದೇ. ಎಲ್ಲರನ್ನೂ ಮೆಚ್ಚಿಸುತ್ತ ಬದುಕಿದ ಯೋಕೊ ಎಂಬ ಶಾಲಾ ಹುಡುಗಿ ಬೇರೆ ಲೋಕಕ್ಕೆ ಬೀಳುತ್ತಾಳೆ. ನಂಬಿದವಳು ಅವಳನ್ನು ಸೂಳೆಗೇರಿಗೆ ಮಾರಲು ಹೊಂಚುತ್ತಾಳೆ, ತನ್ನ ದೇಶದವನೇ ಆದ ಮುದುಕ ಕದಿಯುತ್ತಾನೆ. ನವೊಫುಮಿಯಂತೆ ಅವಳೂ ಯಾರನ್ನೂ ನಂಬದವಳಾಗುತ್ತಾಳೆ. ಆದರೆ ತನ್ನನ್ನು ಕಾಪಾಡಿದ ರಕುಶುನ್ ಎಂಬ ಇಲಿಯ ರೂಪದವನು ಗಾಯಗೊಂಡು ಬಿದ್ದಾಗ ಅವನನ್ನು ಬಿಟ್ಟು ಓಡುತ್ತಾಳೆ. ಗುಟ್ಟು ಬಿಟ್ಟುಕೊಟ್ಟಾನೆಂದು ಕೊಂದುಬಿಡುವ ಯೋಚನೆಯೂ ಸುಳಿಯುತ್ತದೆ. ಆಗ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಗುತ್ತದೆ. ಅನ್ಯರು ಮೋಸ ಮಾಡಿದರೆಂದು ನಾನೂ ಹೊಲಸಾಗಬೇಕೇ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಅದೇ ದ್ರೋಹ, ಅದೇ ಕತ್ತಲೆ. ಒಬ್ಬರ ಕೈಯಲ್ಲಿ ಅದು ಪರವಾನಗಿಯಾಯಿತು, ಇನ್ನೊಬ್ಬರ ಕೈಯಲ್ಲಿ ಪರೀಕ್ಷೆಯಾಯಿತು.

ಮನೆಯಲ್ಲಿ ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಳ್ಳುವುದರಿಂದ ಏನೂ ಆಗದು ಎಂಬುದು ನಿಮಗೂ ಗೊತ್ತು. ಅದರ ಬದಲು ಪಕ್ಕದಲ್ಲಿ ಕುಳಿತು ಒಂದು ಅಧ್ಯಾಯ ಓದಿ. ಆ ಚಿತ್ರದಲ್ಲಿರುವ ಹುಡುಗಿ ಯಾರು, ಎಲ್ಲಿಂದ ಬಂದಳು, ಅವಳಿಗೆ ಏನು ಬೇಕಾಗಿದೆ ಎಂದು ಕೇಳಿ. ನಾನು ಕೇಳಿದಾಗ ನನ್ನ ತಂಗಿಯ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳಿಗೇನು ಬೇಕಂತ ಕಥಿಯೊಳಗ ಯಾರೂ ಕೇಳೇ ಇಲ್ಲ ದೊಡ್ಡವ್ವಾ” ಎಂದಳು. ಆ ಕಥೆಯನ್ನು ಅವಳು ಓದುವುದು ಬಿಟ್ಟಿಲ್ಲ. ಬಿಡಬೇಕೆಂದು ನಾನು ಹೇಳಲೂ ಇಲ್ಲ. ಆದರೆ ಪ್ರಶ್ನೆ ಈಗ ಅವಳ ಕೈಯಲ್ಲಿದೆ. ಮುಂದೆ ಅವಳು ಓದುವ ಕಥೆಗಳಿಗೂ, ಅವಳ ಬದುಕಿನಲ್ಲಿ ಬರುವ ನಾಯಕರಿಗೂ ಅದು ಬೇಕಾದೀತು.