ತೆನೆ ಹಬ್ಬದ ಮೂಲ: ಒಂದು ವಿಮರ್ಶೆ

ಹಬ್ಬಗಳ ಮೂಲವನ್ನು ಅರಸುವವರಲ್ಲಿ ಎರಡು ಪಕ್ಷಗಳುಂಟು. ಹಬ್ಬವು ತಮ್ಮ ಮತದಲ್ಲಿಯೇ ಹುಟ್ಟಿತು, ಬೇರೆಯವರ ಋಣ ಅದಕ್ಕಿಲ್ಲ ಎಂಬುದು ಒಂದು ಪಕ್ಷ. ಅದು ಹಳೆಯ ಜನರಿಂದ ಕದ್ದ ಸೊತ್ತು ಎಂಬುದು ಇನ್ನೊಂದು. ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬವನ್ನು, ಅಂದರೆ ತೆನೆ ಹಬ್ಬವನ್ನು, ಮುಂದಿಟ್ಟುಕೊಂಡು ಈ ಎರಡು ವಾದಗಳನ್ನೂ ಪರೀಕ್ಷಿಸುವುದು ಇಲ್ಲಿ ನಮ್ಮ ಉದ್ದೇಶ.

ಅಂದು ಯೇಸುವಿನ ತಾಯಿ ಮರಿಯಳ ಜನ್ಮದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಳ ಮೂರ್ತಿಗೆ ಹೂಗಳನ್ನು ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಭತ್ತದ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯವರೆಲ್ಲ ಪ್ರಾರ್ಥಿಸಿ, ಆ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಸೇವಿಸುತ್ತಾರೆ. ಅನಂತರ ಬಾಳೆಯೆಲೆಯ ಮೇಲೆ ಶಾಕಾಹಾರದ ಊಟ. ಅದೇ ಕರಾವಳಿಯ ಹಿಂದೂ ಮನೆಗಳಲ್ಲಿಯೂ ತೆನೆಯನ್ನು ತಂದು ಪೂಜಿಸಿ, ಮನೆಗೆ ಕಟ್ಟಿ, ಹೊಸ ಅಕ್ಕಿಯನ್ನು ಉಣ್ಣುವ ಪದ್ಧತಿ ಇದೆ. ಹೋಲಿಕೆಯು ಸ್ಪಷ್ಟ, ಅದರ ಅರ್ಥವೇನೆಂಬುದೇ ಪ್ರಶ್ನೆ.

ಮೊದಲು ದಿನವನ್ನು ನೋಡೋಣ. ಮರಿಯಳ ಜನ್ಮೋತ್ಸವವು ಪೂರ್ವದೇಶದ ಕ್ರೈಸ್ತರಲ್ಲಿ ಹುಟ್ಟಿ, ಏಳನೆಯ ಶತಮಾನದ ಹೊತ್ತಿಗೆ ರೋಮ್ ನಗರದಲ್ಲಿಯೂ ನಡೆಯುತ್ತಿತ್ತು. ತುಳುನಾಡಿನ ಭತ್ತಕ್ಕೂ ಆ ದಿನದ ಆಯ್ಕೆಗೂ ಸಂಬಂಧವಿಲ್ಲ. ತೆನೆಯ ಮಾತು ಬೇರೆ. ಗೋವೆಯ ರಾಯಾ ಗ್ರಾಮದ ಕ್ರೈಸ್ತರು ಹೊಸ ತೆನೆಯ ಹಬ್ಬ ಮಾಡುವುದು ಆಗಸ್ಟ್ 5ರಂದು. ತೆನೆ ಒಂದೇ, ದಿನಗಳು ಎರಡು. ಆದುದರಿಂದ ತೆನೆಯ ಆಚರಣೆಯು ಮರಿಯಳ ಜನ್ಮಕಥೆಯಿಂದ ಬಂದುದಲ್ಲ, ಗದ್ದೆಯಿಂದ ಬಂದುದು. 1736ರಲ್ಲಿ ಗೋವೆಯ ಮತವಿಚಾರಣಾ ಮಂಡಲಿಯು ಕ್ರೈಸ್ತರು ಬಿಡದೆ ಉಳಿಸಿಕೊಂಡಿದ್ದ ಅನೇಕ ಹಿಂದೂ ಆಚಾರಗಳನ್ನು ನಿಷೇಧಿಸಿತು. ಆದರೂ ತೆನೆ ಉಳಿಯಿತು. ಇಗರ್ಜಿಯ ಒಳಕ್ಕೇ ಬಂದಿತು. ಗೋವೆಯ ಪಾದ್ರಿ ಜೊವಾಕಿಮ್ ಮಿರಾಂಡರು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಮಂಗಳೂರಿನವರು ನಂಬುತ್ತಾರೆ. ಹೀಗೆ ಬೇರೆ ಋಣವಿಲ್ಲವೆಂಬ ಮೊದಲ ಪಕ್ಷವು ಬೀಳುತ್ತದೆ.

ಹಾಗೆಂದು ಎರಡನೆಯ ಪಕ್ಷ ಗೆದ್ದಿತೆನ್ನಲಾಗದು. ಫೆಬ್ರವರಿ 14ರ ಸಂತ ವ್ಯಾಲೆಂಟೈನನ ದಿನವು ರೋಮನರ ಲೂಪರ್ಕಾಲಿಯಾ ಹಬ್ಬದ ಜಾಗಕ್ಕೆ ಬಂದಿತೆಂದು ಬಹಳ ಮಂದಿ ಬರೆಯುತ್ತಾರೆ. ಐದನೆಯ ಶತಮಾನದ ಕೊನೆಯಲ್ಲಿ ಜಿಲೇಸಿಯಸ್ ಪೋಪರು ಲೂಪರ್ಕಾಲಿಯಾವನ್ನು ಖಂಡಿಸಿದ್ದು ನಿಜ. ಅದರ ಬದಲು ಸಂತನ ದಿನವನ್ನಿಟ್ಟರೆಂಬುದಕ್ಕೆ ಆಧಾರವಿಲ್ಲ. ಆ ದಿನಕ್ಕೆ ಪ್ರೇಮದ ನಂಟು ಕಾಣುವುದು ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾಲಕ್ಕೆ. ಇದಕ್ಕೆ ಎದುರಾಗಿ, 601ರಲ್ಲಿ ಗ್ರೆಗರಿ ಪೋಪರು ಇಂಗ್ಲೆಂಡಿನ ಹಳೆಯ ಗುಡಿಗಳನ್ನು ಕೆಡವದೆ ಇಗರ್ಜಿಗಳನ್ನಾಗಿ ಮಾಡಬೇಕೆಂದು ಬರೆದ ಪತ್ರ ಉಳಿದಿದೆ. ಒಂದು ಕಡೆ ಊಹೆ, ಇನ್ನೊಂದು ಕಡೆ ಪ್ರಮಾಣ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ಮೇಲಾಗಿ, ಮೊಂತಿ ಹಬ್ಬದಲ್ಲಿ ಕಳ್ಳನಾರು? ತೆನೆಯನ್ನು ಇಗರ್ಜಿಗೆ ತಂದವರು ಅದೇ ಗದ್ದೆಗಳನ್ನು ಉತ್ತವರು. ಮತ ಬದಲಾಯಿತು, ಬೆಳೆಯೂ ಹಸಿವೂ ಬದಲಾಗಲಿಲ್ಲ. ಕ್ರೈಸ್ತರಲ್ಲದ ಪೂರ್ವಮತದವರಿಗೆ ಯುರೋಪಿನವರು ಇಟ್ಟ ‘ಪೇಗನ್’ ಎಂಬ ಹೆಸರಿನ ಲ್ಯಾಟಿನ್ ಮೂಲಕ್ಕೆ ಹಳ್ಳಿಗನೆಂದೇ ಅರ್ಥ. ಆ ಹಳ್ಳಿಗನ ಕಣ್ಣಿಗೆ ಹೊಸ ತೆನೆ ದೇವರಿಗೆ ಸಲ್ಲಬೇಕಾದುದು; ತಾನು ಉಣ್ಣುವುದು ಆಮೇಲೆ.

ಈ ವಿಚಾರವು ನಮ್ಮಿಂದ ದೂರದ್ದಲ್ಲ. ಆದವಾನಿ, ಆಲೂರು, ಹೊಳಗುಂದದ ಕಡೆ ಮೊಹರಂ ಬಂದಾಗ ಪೀರುಗಳಿಗೆ ಹರಕೆ ಸಲ್ಲಿಸುವವರಲ್ಲಿ ಹಿಂದೂಗಳೂ ಅನೇಕರು. ಮೂಲ ಯಾರದೋ ಹಬ್ಬವೂ ಅವರದೇ ಎಂದು ನಿಯಮ ಮಾಡಿದರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ನಮ್ಮ ಶಾಲೆಯ ಎಷ್ಟು ಮಕ್ಕಳನ್ನು ಹೊರಗೆ ನಿಲ್ಲಿಸಬೇಕಾದೀತು! ಹಬ್ಬದ ಪ್ರಬಂಧ ಬರೆಸುವ ಉಪಾಧ್ಯಾಯರು ಮೂರು ಪ್ರಶ್ನೆಗಳನ್ನು ಕೇಳಿಸಲಿ: ದಿನ ಎಲ್ಲಿಂದ ಬಂದಿತು, ಆಚರಣೆ ಎಲ್ಲಿಂದ ಬಂದಿತು, ಇವೆರಡನ್ನು ಕೂಡಿಸಿದವರು ಯಾರು? ಮೂಲವನ್ನು ತಿಳಿಯುವುದು ವಿದ್ಯೆ. ಅದನ್ನೇ ಹಕ್ಕುಪತ್ರವೆಂದು ನೆರೆಯವನ ಮುಂದೆ ಹಿಡಿಯುವುದು ವಿದ್ಯೆಯ ದುರುಪಯೋಗವೆಂದೇ ನಾವು ಭಾವಿಸುತ್ತೇವೆ.