ರಜೆಯ ಚೀಲಕ್ಕೆ ಯಾವ ಮಹಾಕಾದಂಬರಿ?

ಬೇಸಿಗೆ ರಜೆಯೋ ದಸರಾ ರಜೆಯೋ ಹತ್ತಿರ ಬಂತೆಂದರೆ ಓದುವ ಚಟವಿರುವವರು ಎರಡು ಪಂಗಡವಾಗುತ್ತಾರೆ. ರಜೆಯಲ್ಲಾದರೂ ತಲೆಗೆ ಕೆಲಸ ಬೇಡ, ಹಗುರವಾದದ್ದೇನಾದರೂ ಇದ್ದರೆ ಹೇಳಿ ಎನ್ನುವವರದು ಒಂದು. ವರ್ಷವಿಡೀ ಕಪಾಟಿನಿಂದಲೇ ದಿಟ್ಟಿಸುತ್ತಿದ್ದ ಆ ದಪ್ಪ ಪುಸ್ತಕವನ್ನು ಈ ಸಲ ಮುಗಿಸಿಯೇ ತೀರಬೇಕು ಎನ್ನುವವರದು ಇನ್ನೊಂದು. ನನ್ನ ಮತ ಎರಡನೆಯವರಿಗೆ. ಹಗುರವಾದದ್ದನ್ನು ಕೆಲಸದ ದಿನಗಳಲ್ಲೂ ಓದಬಹುದು, ಸಿಟಿ ಬಸ್ಸಿನಲ್ಲಿ ನಿಂತುಕೊಂಡೂ ಓದಬಹುದು. ಐದಾರು ಮನೆತನಗಳ ನಂಟಸ್ತಿಕೆ, ಜಗಳ, ಸಾಲ, ಮದುವೆಗಳನ್ನು ತಲೆಯಲ್ಲಿ ತುಂಬಿಕೊಳ್ಳಬೇಕಾದರೆ ಮಾತ್ರ ಎಡೆಬಿಡದ ದಿನಗಳು ಬೇಕು. ರಾತ್ರಿ ಇಪ್ಪತ್ತು ಪುಟ, ಮತ್ತೆ ನಾಲ್ಕು ದಿನ ಬಿಟ್ಟು ಹದಿನೈದು ಪುಟ ಎಂದು ಓದಿದರೆ ಅಂಥ ಕಾದಂಬರಿ ಕೈಗೆ ದಕ್ಕುವುದಿಲ್ಲ. ತಪ್ಪು ಕಾದಂಬರಿಯದೆಂದು ನಾವು ಸುಮ್ಮನೆ ದೂರುತ್ತೇವೆ.

ಹಾಗೆಂದು ದಪ್ಪವಿದ್ದದ್ದೆಲ್ಲ ರಜೆಗೆ ಯೋಗ್ಯವೇನಲ್ಲ. ಪಾತ್ರಗಳ ಜಾತ್ರೆ ನೆರೆದ ಮಾತ್ರಕ್ಕೆ ಕಾದಂಬರಿಗೆ ಹಲವು ದೃಷ್ಟಿಗಳು ಬಂದುಬಿಡುವುದೂ ಇಲ್ಲ. ನೂರು ಪಾತ್ರಗಳನ್ನು ತಂದು, ನೂರನ್ನೂ ಲೇಖಕನ ಒಂದೇ ಕಣ್ಣಿನಿಂದ ಅಳೆಯುವ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾನು ನೆಚ್ಚುವ ಪರೀಕ್ಷೆ ಸರಳವಾದದ್ದು: ಐವತ್ತನೆಯ ಪುಟದಲ್ಲಿ ‘ಇವಳು ಇಷ್ಟೇ’ ಎಂದು ಓದುಗ ತಳ್ಳಿಹಾಕಿದ ಪಾತ್ರ ಮುನ್ನೂರನೆಯ ಪುಟದ ಹೊತ್ತಿಗೆ ಅವನ ತೀರ್ಪನ್ನು ಅವನಿಗೇ ನಾಚಿಕೆಯಾಗುವಂತೆ ತಿರುಗಿಸಬೇಕು. ಕಣ್ಣು ಬದಲಾದಾಗ ತಿಳಿವೂ ಬದಲಾಗಬೇಕು. ಇಲ್ಲವಾದರೆ ಅಷ್ಟು ಪುಟ ಯಾಕೆ?

ಈ ಪರೀಕ್ಷೆಗೆ ಮೊದಲು ಒಡ್ಡಬೇಕಾದದ್ದು ಎಸ್.ಎಲ್. ಭೈರಪ್ಪನವರ ‘ಪರ್ವ’ (1979). ಹಲವು ದೃಷ್ಟಿಗಳ ಕಾದಂಬರಿ ಎಂದೊಡನೆ ಹೆಚ್ಚಿನವರ ಬಾಯಿಗೆ ಬರುವ ಹೆಸರು ಅದು, ಕಾರಣವೂ ಇದೆ. ಯುದ್ಧ ಇನ್ನೇನು ಶುರುವಾಗಬೇಕು. ಮದ್ರದ ಮುದಿ ಶಲ್ಯನಿಂದ ತೊಡಗಿ ಕುಂತಿ, ದ್ರೌಪದಿ, ಭೀಮ, ಅರ್ಜುನ, ಕರ್ಣ, ಭೀಷ್ಮ, ದ್ರೋಣ ಒಬ್ಬೊಬ್ಬರೂ ತಮ್ಮ ಬದುಕನ್ನು ಹಿಂದಕ್ಕೆ ಬಗೆಯುತ್ತ ಹೋಗುತ್ತಾರೆ. ಕೃಷ್ಣನಿಗೆ ಮಾತ್ರ ಆ ಅವಕಾಶವಿಲ್ಲ. ಅವನನ್ನು ಯುಯುಧಾನನಂಥವರ ಕಣ್ಣಿನಿಂದಲೇ ನಾವು ಕಾಣಬೇಕು. ಇದು ಜಾಣ ರಚನೆ. ಕಥೆ ಮೊದಲೇ ಗೊತ್ತಿರುವುದರಿಂದ ‘ಮುಂದೇನಾಯಿತು’ ಎಂಬ ಆತುರ ಓದುಗನಿಗಿಲ್ಲ, ವಂಶವೃಕ್ಷ ಬರೆದುಕೊಳ್ಳುವ ತಾಪತ್ರಯವೂ ಇಲ್ಲ. ಉಳಿಯುವುದು ಕಣ್ಣು ಬದಲಾಗುವ ಕುತೂಹಲ ಒಂದೇ. ನೆರವು ಕೇಳಲು ಭೀಮ ಕಾಡಿಗೆ ಹೋಗಿ, ತಾನು ಬಿಟ್ಟುಬಂದ ಹೆಂಡತಿ ಸಾಲಕಟಂಕಟಿಯ ಎದುರು ನಿಲ್ಲುವ ಭಾಗವನ್ನು ಹಿಡಿದ ಮೇಲೆ ಊಟಕ್ಕೆ ಕರೆದರೂ ಏಳುವುದು ಕಷ್ಟ.

ಆದರೂ ‘ಪರ್ವ’ ನನ್ನ ಮೊದಲ ಆಯ್ಕೆಯಲ್ಲ. ಅಲ್ಲಿ ನೆನಪುಗಳು ಬೇರೆಬೇರೆ, ನೆನೆಯುವ ರೀತಿ ಒಂದೇ. ಕುಂತಿಯೂ ಭೀಷ್ಮನೂ ಕರ್ಣನೂ ಒಂದೇ ಬಗೆಯಲ್ಲಿ ತರ್ಕ ಹೂಡುತ್ತಾರೆ, ನಿಯೋಗ ಧರ್ಮವೋ ಅಧರ್ಮವೋ ಎಂದು ಒಂದೇ ವಕೀಲನ ಬಾಯಲ್ಲಿ ವಾದಿಸುತ್ತಾರೆ. ಹೆಸರುಗಳನ್ನು ಮುಚ್ಚಿ ಒಂದು ಪುಟ ಓದಿಸಿದರೆ, ಘಟನೆಯಿಂದ ಪಾತ್ರದ ಗುರುತು ಹತ್ತೀತು, ಮಾತಿನ ಲಯದಿಂದ ಹತ್ತದು. ಭೈರಪ್ಪನವರನ್ನು ಮೆಚ್ಚುವವರಿಗೆ ಇದು ದೋಷವೆನಿಸಲಿಕ್ಕಿಲ್ಲ. ಆ ಎಡೆಬಿಡದ ತರ್ಕವೇ ಅವರನ್ನು ಹಿಡಿದು ಓದಿಸುತ್ತದೆ. ಮಹಾಭಾರತದ ಪವಾಡ, ವರ, ಶಾಪಗಳನ್ನೆಲ್ಲ ಕಳಚಿ ಹಸಿವು, ಮುಪ್ಪು, ಬಸಿರುಗಳ ಲೆಕ್ಕದಲ್ಲಿ ಯುದ್ಧವನ್ನು ತೋರಿಸಿದ ಧೈರ್ಯಕ್ಕಂತೂ ಎರಡು ಮಾತಿಲ್ಲ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾಲದಲ್ಲಿ ಉದ್ದಕ್ಕೆ ಚಾಚಿಕೊಂಡ ಕಾದಂಬರಿ. ಕಡಲ ಪಕ್ಕದ ಕೋಡಿ ಎಂಬ ಹಳ್ಳಿ, ರಾಮ ಐತಾಳರ ಮನೆ, ಮೂರು ತಲೆಮಾರು. ಗಂಡಸರ ಹೆಸರಿನಲ್ಲಿ ನಡೆಯುವ ಈ ಕಥೆಯನ್ನು ನಿಜವಾಗಿ ಹೊತ್ತಿರುವವರು ಹೆಂಗಸರು: ಮಕ್ಕಳಾಗದ ಪಾರೋತಿ, ಬಾಲ್ಯದಲ್ಲೇ ವಿಧವೆಯಾದ ಸರಸೋತಿ, ಎರಡನೆಯವಳಾಗಿ ಬಂದ ಸತ್ಯಭಾಮೆ, ಓದಿ ಕೆಟ್ಟ ಲಚ್ಚನ ಹೆಂಡತಿ ನಾಗವೇಣಿ. ಕಾರಂತರು ಇವರಿಗೆ ಪುಟಗಟ್ಟಲೆ ಸ್ವಗತ ಕೊಡಲಿಲ್ಲ. ಗದ್ದೆ, ದನ, ಒಲೆ, ಬಾವಿ, ಇವುಗಳ ನಡುವೆ ಅವರ ಕೈಕಾಲು ಹೇಗೆ ಆಡುತ್ತದೆ ಎಂಬುದನ್ನಷ್ಟೇ ತೋರಿಸಿದರು. ಸವತಿ ಬಂದ ಮನೆಯಲ್ಲಿ ಪಾರೋತಿಯ ಮೌನ ಒಂದು ರೀತಿ, ಸರಸೋತಿಯ ಮೌನ ಇನ್ನೊಂದು ರೀತಿ. ಆ ವ್ಯತ್ಯಾಸ ಹೇಳದೆಯೇ ಓದುಗನಿಗೆ ತಟ್ಟುತ್ತದೆ. ಕಥೆ ಮೂರನೆಯ ತಲೆಮಾರಿಗೆ ಬಂದು, ಮೊಮ್ಮಗ ರಾಮನ ಜೊತೆ ಮದರಾಸು, ಮುಂಬಯಿಗಳಿಗೆ ಹೊರಟಾಗ ಬಿಗಿ ಸಡಿಲುತ್ತದೆ. ಚಳವಳಿ, ನಿರುದ್ಯೋಗಗಳ ವರದಿ ಓದಿದಂತಾಗುತ್ತದೆ. ಅಲ್ಲಿ ಪುಸ್ತಕ ಕೆಳಗಿಡಬೇಡಿ, ನಾಗವೇಣಿಗಾಗಿ ಓದಿ. ಕರಾವಳಿಯ ಮಳೆ ನೋಡಿದವರಿಗೆ ಇದನ್ನು ಜೂನ್ ಜುಲೈನಲ್ಲಿ ಓದುವ ಸುಖವೇ ಬೇರೆ, ಆದರೆ ಆಗ ಯಾರಿಗೆ ರಜೆ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಉದ್ದಕ್ಕಲ್ಲ, ಅಗಲಕ್ಕೆ ಹರಡಿಕೊಂಡದ್ದು. ತಲೆಮಾರುಗಳ ಲೆಕ್ಕ ಇಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆ, ತೀರ್ಥಹಳ್ಳಿ ಸೀಮೆಯ ಕಾಡು, ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ, ಕಲ್ಲೂರು ಎಂಬ ಊರುಗಳ ಮನೆಗಳು, ಆ ಮನೆಗಳಿಗೆ ದುಡಿಯುವ ಹೊಲಗೇರಿಗಳು. ಸಿಂಬಾವಿಯ ಭರಮೈಹೆಗ್ಗಡೆಯ ಕಾಗದ ಹಿಡಿದು ಹೊರಟ ಜೀತದಾಳು ಗುತ್ತಿ, ಒಡೆಯನ ಕೆಲಸದ ನೆಪದಲ್ಲಿ ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಬರುವ ತನ್ನ ಕೆಲಸವನ್ನೂ ಇಟ್ಟುಕೊಂಡಿದ್ದಾನೆ. ಮಹಾಕಾದಂಬರಿಯನ್ನು ಒಬ್ಬ ಜೀತದಾಳಿನ ಕಾಲ್ನಡಿಗೆಯಿಂದ ಆರಂಭಿಸಿದ್ದರಲ್ಲೇ ಕುವೆಂಪು ತಮ್ಮ ನಿಲುವು ಹೇಳಿಬಿಟ್ಟಿದ್ದಾರೆ. ಗುತ್ತಿಯ ಹಿಂದೆ ಹುಲಿಯ ಎಂಬ ನಾಯಿ. ಅದಕ್ಕೂ ಇಲ್ಲಿ ಒಂದು ಮನಸ್ಸಿದೆ, ನಿಷ್ಠೆಯಿದೆ, ಮುನಿಸಿದೆ.

ನನ್ನ ಪರೀಕ್ಷೆಗೆ ಇದಕ್ಕಿಂತ ಚೆನ್ನಾಗಿ ನಿಲ್ಲುವ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ನಾಗಕ್ಕನನ್ನೇ ನೋಡಿ. ಅತ್ತೆಯ ಒತ್ತಾಯಕ್ಕೆ ಸಿಕ್ಕಿ ಹೂವಳ್ಳಿಯ ವೆಂಕಪ್ಪನಾಯಕನ ಮನೆ ಸೇರಿದ ಈ ವಿಧವೆಯನ್ನು ಓದುಗ ಮೊದಮೊದಲು ಊರವರ ಬಾಯಿಂದಲೇ ತಿಳಿಯುತ್ತಾನೆ. ಮುಂದೆ ತಾಯಿಯಿಲ್ಲದ ಚಿನ್ನಮ್ಮನಿಗೆ ಅವಳು ತಾಯಿಯಾಗಿ ನಿಂತಾಗ, ಊರಿನ ಜೊತೆ ಸೇರಿ ತಾನೂ ಆಡಿಕೊಂಡಿದ್ದು ಓದುಗನಿಗೆ ಚುಚ್ಚುತ್ತದೆ. ಪಾದ್ರಿ ಜೀವರತ್ನಯ್ಯನ ಬೈಸಿಕಲ್ಲು ಮಲೆನಾಡಿನ ಹಾದಿಗೆ ಬಂದಾಗಲೂ ಅಷ್ಟೇ: ಬೆಟ್ಟಳ್ಳಿ ದೇವಯ್ಯನಿಗೆ ಅದು ಹೊಸ ಲೋಕದ ಬಾಗಿಲು, ಕೆಲವರಿಗೆ ತಮಾಷೆ, ಕೆಲವರಿಗೆ ಜಾತಿ ಕೆಡಿಸಲು ಬಂದ ಗಾಡಿ. ಮದುವೆಯ ಮುನ್ನ ಚಿನ್ನಮ್ಮ ಮನೆ ಬಿಟ್ಟು ಕಾಡು ಹೊಗುವ ಪ್ರಸಂಗದಲ್ಲಿ ಐತ, ಪೀಂಚಲು ಎಂಬ ಆಳುಮಕ್ಕಳಿಲ್ಲದಿದ್ದರೆ ಮುಕುಂದಯ್ಯನ ಪ್ರೇಮಕ್ಕೆ ದಿಕ್ಕೇ ಇರಲಿಲ್ಲ. ಒಡೆಯರ ಪ್ರೇಮಕಥೆ ಆಳುಗಳ ಹೊಟ್ಟೆಪಾಡಿನ ಕಥೆಗೆ ಹೀಗೆ ಹೆಣೆದುಕೊಳ್ಳುವುದರಿಂದ, ಒಂದು ಎಳೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಕಥೆ ತುಂಡಾಯಿತೆಂಬ ಬೇಸರ ಬರುವುದಿಲ್ಲ. ಮುಕುಂದಯ್ಯ–ಚಿನ್ನಮ್ಮ, ಗುತ್ತಿ–ತಿಮ್ಮಿ, ಐತ–ಪೀಂಚಲು ಮೂರೂ ಜೋಡಿಗಳಿಗೆ ಒಂದೇ ತೂಕ. ಕಾವೇರಿ ಎಂಬ ಇನ್ನೊಬ್ಬ ಹುಡುಗಿಗೆ ಒದಗುವ ಗತಿಯನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಓದುವ ದಿನ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಕೊರತೆಯಿಲ್ಲವೇ? ಇದೆ. ಮೊದಲ ನೂರು ಪುಟ ಹೆಸರುಗಳ ಪೊದೆ. ಅಲ್ಲೇ ಪುಸ್ತಕ ಮಡಚಿದವರನ್ನು ನಾನು ಕಂಡಿದ್ದೇನೆ. ಕವಿ ಕುವೆಂಪು ಕಾದಂಬರಿಕಾರ ಕುವೆಂಪುವಿನ ಕೈಯಿಂದ ಲೇಖನಿ ಕಸಿದುಕೊಂಡು ಮಲೆಯ ನೆತ್ತಿಗೆ ಏರಿಬಿಡುವ ಜಾಗಗಳೂ ಇವೆ. ಹಾಗಿದ್ದೂ 2010ರಲ್ಲಿ ಮೈಸೂರಿನ ರಂಗಾಯಣ ಇದನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ, ಒಂಬತ್ತು ತಾಸು ಆಡಿದಾಗ ಜನ ಒಂದು ರಂಗದಿಂದ ಇನ್ನೊಂದಕ್ಕೆ ನಡೆದು ಹೋಗಿ ಕೂತು ನೋಡಿದರು. ಕಾದಂಬರಿಯ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ರಂಗರೂಪವಿಲ್ಲ: ಜಾಗ ಬದಲಿಸದೆ ಇದನ್ನು ನೋಡಲಾಗದು.

ಉಳಿದವುಗಳ ಬಗ್ಗೆ ಚುಟುಕಾಗಿ. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ದಕ್ಷಿಣಕ್ಕೆ ಬಂದ ಸಾರಸ್ವತರ ಕಥೆ, 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ವಲಸೆಯ ಹರಹು ದೊಡ್ಡದು, ಓಟವೂ ಚೆನ್ನ. ಆದರೆ ತಲೆಮಾರುಗಳು ಸರಸರ ಉರುಳುವುದರಿಂದ ಒಬ್ಬೊಬ್ಬರ ಒಳಗೆ ಇಳಿಯಲು ಬಿಡುವು ಕಡಿಮೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಚಿತ್ರದುರ್ಗದ ಪತನವನ್ನು ಉಸಿರು ಬಿಗಿಹಿಡಿದು ಓದಿಸುತ್ತದೆ, ದೃಷ್ಟಿ ಮಾತ್ರ ಕೋಟೆಯ ಒಳಗಿನದು. ರಾವಬಹಾದ್ದೂರರ ‘ಗ್ರಾಮಾಯಣ’ (1957) ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನೇ ನಾಯಕನನ್ನಾಗಿಸಿತು; ಸಿಕ್ಕರೆ ಬಿಡಬೇಡಿ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ದಪ್ಪದ ಲೆಕ್ಕದಲ್ಲಿ ಈ ಸಾಲಿಗೆ ಸೇರದು. ಇಷ್ಟು ಕಣ್ಣುಗಳನ್ನು ಇಷ್ಟು ಕಡಿಮೆ ಪುಟಗಳಲ್ಲಿ ತೆರೆದ ಕೃತಿ ಬೇರಾವುದಿದೆ ಎಂದು ಕೇಳಿದರೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಮಕ್ಕಳ ಗಲಾಟೆ, ನೆಂಟರ ಬರುಹೋಗು ಇರುವ ಮನೆಗೆ ‘ಪರ್ವ’ ಒಯ್ಯಿರಿ. ಕಥೆ ಗೊತ್ತಿರುವುದರಿಂದ ನಡುವೆ ಎದ್ದುಹೋದರೂ ಎಳೆ ತಪ್ಪದು. ನಾಲ್ಕೈದು ದಿನದ ಬಿಡುವಿದ್ದವರಿಗೆ ‘ಮರಳಿ ಮಣ್ಣಿಗೆ’. ಹತ್ತು ದಿನ ನಿಮ್ಮದೇ ಎನ್ನುವಂಥ ರಜೆ ಸಿಕ್ಕಿದ್ದರೆ ‘ಮದುಮಗಳು’ ಬಿಟ್ಟು ಬೇರೆ ಯೋಚನೆ ಬೇಡ. ಮೊದಲ ನೂರು ಪುಟವನ್ನು ಒಂದೆರಡು ದಿನದಲ್ಲೇ ಮುಗಿಸಿಕೊಳ್ಳಿ, ಜೊತೆಗೊಂದು ಬಿಳಿಹಾಳೆ ಇಟ್ಟುಕೊಂಡು ಯಾವ ಊರಿನ ಯಾವ ಮನೆಯವರು ಯಾರು ಎಂದು ಬರೆಯುತ್ತ ಹೋಗಿ. ನೂರೈವತ್ತನೆಯ ಪುಟದ ನಂತರ ಆ ಹಾಳೆ ಬೇಕಾಗುವುದಿಲ್ಲ.