ಮೂರು ಕಟಾ, ಹತ್ತು ವರ್ಷ

ಮಗುವನ್ನು ಕರಾಟೆ ಕ್ಲಾಸಿಗೆ ಸೇರಿಸಲು ಬರುವ ಅಪ್ಪ-ಅಮ್ಮಂದಿರದು ಎಲ್ಲ ಊರಲ್ಲೂ ಒಂದೇ ಪ್ರಶ್ನೆ: ‘ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ ಬರುತ್ತೆ ಸಾರ್?’ ತಪ್ಪಿಲ್ಲ ಬಿಡಿ, ಫೀಸು ಕಟ್ಟುವವರು ಕೇಳಲೇಬೇಕು. ತಮಾಷೆಯೆಂದರೆ, ಜೂಡೋದಿಂದ ಆ ಪಟ್ಟಿಯನ್ನು ಎರವಲು ತಂದು 1924ರಲ್ಲಿ ಕರಾಟೆಯ ಮೊದಲ ‘ಡಾನ್’ ದರ್ಜೆಗಳನ್ನು ಕೊಟ್ಟ ಗಿಚಿನ್ ಫುನಾಕೋಶಿ, ತಾವು ಕಲಿಯುವಾಗ ಸೊಂಟಕ್ಕೆ ಯಾವ ಬಣ್ಣದ ಪಟ್ಟಿಯನ್ನೂ ಕಟ್ಟಿದವರಲ್ಲ.

ಓಕಿನಾವಾದ ಶೂರಿಯಲ್ಲಿ 1868ರಲ್ಲಿ ಹುಟ್ಟಿದ ಈತ ತಿಂಗಳು ತುಂಬದೆ ಬಂದ ಪೀಚು ಕೂಸು. ಸಹಪಾಠಿಯ ತಂದೆ ಆಂಕೋ ಅಜಾತೋ ಕರಾಟೆ ಬಲ್ಲವರು. ಅವರ ಮನೆಯಂಗಳವೇ ಗರಡಿ. ಆಗ ಈ ವಿದ್ಯೆಯನ್ನು ಗುಟ್ಟಾಗಿ ಕಲಿಯಬೇಕಿತ್ತು. ಹುಡುಗ ಕತ್ತಲಲ್ಲಿ ಲಾಂದ್ರ ಹಿಡಿದು ಹೋಗಿ ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಸೂಳೆಗೇರಿಗೆ ಹೋಗಿಬರುತ್ತಾನೆ ಎಂದು ನೆರೆಹೊರೆಯವರು ಮಾತಾಡಿಕೊಂಡರಂತೆ.

ಆ ರಾತ್ರಿಗಳಲ್ಲಿ ನಡೆಯುತ್ತಿದ್ದುದಾದರೂ ಏನು? ಒಂದೇ ಕಟಾ (ಒಬ್ಬರೇ ಮಾಡುವ, ಕ್ರಮ ಗೊತ್ತಾದ ವರಸೆಗಳ ಸರಣಿ), ಮತ್ತೆ ಅದೇ ಕಟಾ. ಗುರುಗಳು ಜಗಲಿಯ ಮೇಲೆ ನೆಟ್ಟಗೆ ಕೂತು ನೋಡುವರು. ‘ಇನ್ನೊಮ್ಮೆ’ ಎನ್ನುವರು. ಅಪರೂಪಕ್ಕೆ, ಬಹಳ ಅಪರೂಪಕ್ಕೆ, ‘ಚೆನ್ನಾಗಿದೆ’. ಆ ಮಾತು ಬೀಳುವ ತನಕ ಮುಂದಿನ ಪಾಠವಿಲ್ಲ. ಅಜಾತೋ ಮತ್ತು ಅವರ ಗೆಳೆಯ ಆಂಕೋ ಇತೋಸು, ಈ ಇಬ್ಬರ ಕೈಕೆಳಗೆ ಫುನಾಕೋಶಿ ‘ತೆಕ್ಕಿ’ ಎಂಬ ಮೂರು ಕಟಾಗಳಿಗೆ ಹತ್ತು ವರ್ಷ ಸವೆಸಿದರು.

ತೆಕ್ಕಿ ನೋಡಿದವರಿಗೆ ಇದರ ಹುಚ್ಚುತನ ಅರ್ಥವಾದೀತು. ಹಾರಾಟವಿಲ್ಲ, ಗಿರಕಿಯಿಲ್ಲ, ಎತ್ತರದ ಒದೆತವಿಲ್ಲ. ಕುದುರೆ ಏರಿ ಕೂತಂತೆ ಕಾಲಗಲಿಸಿ, ಮಂಡಿಗಳನ್ನು ಹೊರಕ್ಕೆ ಒತ್ತಿ, ಒಂದೇ ಗೆರೆಯಲ್ಲಿ ಅತ್ತಿತ್ತ ಸರಿಯುವುದಷ್ಟೇ. ತಲೆ ಬಲಕ್ಕೆ ತಿರುಗುತ್ತದೆ. ಎಡಗಾಲು ಬಲಗಾಲನ್ನು ದಾಟಿ ಊರುತ್ತದೆ, ಬಲಗಾಲು ಮೇಲೆದ್ದು ಆಚೆ ಬಂದು ಬೀಳುತ್ತದೆ, ಜೊತೆಗೇ ಬಲಗೈ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಆ ತೆರೆದ ಅಂಗೈಗೆ ಎಡ ಮೊಣಕೈ ಬಂದು ಅಪ್ಪಳಿಸುತ್ತದೆ. ಇಲ್ಲಿ ಹೊಸಬರೆಲ್ಲ ಭುಜ ಎತ್ತುತ್ತಾರೆ. ಬಲ ಬರಬೇಕಾದದ್ದು ಸೊಂಟದಿಂದ. ಕಾಲು ನೆಲಕಚ್ಚಿರುವಾಗ ಸೊಂಟ ತಿರುಗಿಸಲು ಸಿಗುವ ಜಾಗ ಬೆರಳಷ್ಟು. ಅಷ್ಟರಲ್ಲೇ ಹೊಡೆತ ಹುಟ್ಟಿಸಬೇಕು. ಐದು ನಿಮಿಷ ಆ ಭಂಗಿಯಲ್ಲಿ ನಿಂತು ನೋಡಿ, ತೊಡೆ ನಡುಗತೊಡಗಿದ ಮೇಲೆ ಹತ್ತು ವರ್ಷ ಜಾಸ್ತಿಯಾಯಿತು ಎನ್ನುವ ಮಾತು ಬಾಯಿಂದ ಬರುವುದಿಲ್ಲ.

ಇಷ್ಟೆಲ್ಲ ಕಲಿತವರು ಹೊಟ್ಟೆಪಾಡಿಗೆ ಮಾಡಿದ್ದು ಮೇಷ್ಟರ ಕೆಲಸ. ಮೇಷ್ಟರಾಗಲು ಜುಟ್ಟು ಕತ್ತರಿಸಬೇಕಾಯಿತು. ಹಳೇ ಸಂಪ್ರದಾಯದ ಮನೆ. ಜುಟ್ಟಿಲ್ಲದೆ ಬಂದ ಮಗನನ್ನು ಕಂಡು ತಾಯಿ ಹಿತ್ತಲ ಬಾಗಿಲಿಂದ ತವರಿಗೆ ಹೊರಟೇಹೋದರು.

1922ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ಅವರು ಕೊಟ್ಟ ಕರಾಟೆ ಪ್ರದರ್ಶನದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ಜೂಡೋ ಪಿತಾಮಹ ಜಿಗೊರೋ ಕಾನೋ ಫುನಾಕೋಶಿಯವರನ್ನು ಕರೆಸಿಕೊಂಡರು, ಊರಿಗೆ ಮರಳಬೇಕಿದ್ದ ಅವರು ಅಲ್ಲೇ ಉಳಿದರು. ನನಗೆ ಹಿಡಿಸುವುದು ಅದರ ನಂತರದ ದಿನಗಳು. ಐವತ್ತು ದಾಟಿದ ಮನುಷ್ಯ, ಹೆಂಡತಿಯನ್ನು ಓಕಿನಾವಾದಲ್ಲಿ ಬಿಟ್ಟು, ಓಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲೊಂದರಲ್ಲಿ ಬಾಡಿಗೆ ಕೊಡಲೂ ಕಷ್ಟಪಟ್ಟು, ಕಸ ಗುಡಿಸಿ, ತೋಟ ನೋಡಿಕೊಂಡು, ಕಾವಲು ಕಾಯ್ದು, ಬಿಡುವಿನಲ್ಲಿ ಪಾಠ ಹೇಳಿದರು. ಒಮ್ಮೆ ಪತ್ರಕರ್ತನೊಬ್ಬ ಬಂದು, ಅಂಗಳ ಗುಡಿಸುತ್ತಿದ್ದವನನ್ನು ‘ಫುನಾಕೋಶಿ ಎಲ್ಲಿದ್ದಾರೆ?’ ಎಂದು ಕೇಳಿದ. ‘ಕರೆಯುತ್ತೇನೆ’ ಎಂದು ಒಳಹೋದ ಜಾಡಮಾಲಿ, ಪೊರಕೆ ಇಟ್ಟು, ಒಳ್ಳೆಯ ಕಿಮೋನೊ ಉಟ್ಟು, ಹೊರಬಂದು ತನ್ನ ಪರಿಚಯ ಹೇಳಿಕೊಂಡ! ಆತ್ಮಕಥೆಯಲ್ಲಿ ಇದನ್ನು ಬರೆಯುವಾಗ ಮುದುಕರಿಗೆ ಖುಷಿಯೇ ಆಗಿರಬೇಕು.

ಶಿಷ್ಯರೊಂದಿಗೆ ಅವರಿಗೆ ಸದಾ ಹೊಂದಿಕೆ ಇತ್ತು ಅಂತೇನಿಲ್ಲ. ವಿಶ್ವವಿದ್ಯಾಲಯದ ಹುಡುಗರಿಗೆ ಕಟಾ ಬೇಸರ ತಂದಿತು, ಎದುರುಬದುರು ಹೊಡೆದಾಡಬೇಕು ಎಂದರು. 1920ರ ದಶಕದ ಕೊನೆಗೆ ಟೋಕಿಯೊ ವಿಶ್ವವಿದ್ಯಾಲಯದ ತಂಡ ರಕ್ಷಾಕವಚ ತೊಟ್ಟು ಕಾದಾಡತೊಡಗಿದಾಗ ಗುರುಗಳು ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಹಿರಿಯ ಶಿಷ್ಯ ಹಿರೊನೊರಿ ಓತ್ಸುಕಾ ಬೇರೆಯಾಗಿ ವಾಡೋ-ರ್ಯೂ ಎಂಬ ತಮ್ಮದೇ ಶೈಲಿ ಕಟ್ಟಿದರು. ಇಲ್ಲಿ ನಾನು ಹುಡುಗರ ಕಡೆ. ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಯಾವ ಗಳಿಗೆಯಲ್ಲಿ ನುಗ್ಗುತ್ತಾನೆ ಎಂಬುದನ್ನು ಗಾಳಿಗೆ ಗುದ್ದಿ ಕಲಿಯಲಾಗದು. ಆದರೆ ಮೂರು ತಿಂಗಳಿಗೊಂದು ಬಣ್ಣದ ಬೆಲ್ಟು, ವಾರಕ್ಕೊಂದು ಟೂರ್ನಮೆಂಟು, ಹೋದವರಿಗೆಲ್ಲ ಟ್ರೋಫಿ ಎನ್ನುವ ಈಗಿನ ಅಂಗಡಿಗಳನ್ನು ನೋಡುವಾಗ ಮುದುಕರ ಹಟವೂ ಸುಮ್ಮನೆ ಅಲ್ಲ ಅನ್ನಿಸುತ್ತದೆ.

1945 ಅವರಿಂದ ಬಹಳಷ್ಟನ್ನು ಕಿತ್ತುಕೊಂಡಿತು. ಶಿಷ್ಯರು ದುಡ್ಡು ಕೂಡಿಸಿ ಕಟ್ಟಿಕೊಟ್ಟ ಶೋಟೋಕಾನ್ ಡೋಜೊ (ಕರಾಟೆ ಗರಡಿ) ಬಾಂಬಿಗೆ ಸುಟ್ಟುಹೋಯಿತು. ಡೋಜೊ ನಡೆಸುತ್ತಿದ್ದ ಮಗ ಗಿಗೋ ಅದೇ ವರ್ಷ ಕ್ಷಯದಿಂದ ತೀರಿಕೊಂಡ. ಇಂದು ನಮ್ಮ ಮಕ್ಕಳು ಕಲಿಯುವ ಶೋಟೋಕಾನ್ ಶೈಲಿಯ ಆಳವಾದ ನಿಲುವು, ಎತ್ತರದ ಒದೆತಗಳಲ್ಲಿ ಹೆಚ್ಚಿನವು ಆ ಮಗನ ಕಾಣಿಕೆ.

ಯುದ್ಧ ಮುಗಿದ ಮೇಲಿನ ಬರಗಾಲದಂಥ ದಿನಗಳಲ್ಲಿ, ಎಂಬತ್ತರ ಆಸುಪಾಸಿನ ಫುನಾಕೋಶಿ ರಾತ್ರಿ ಮನೆಗೆ ನಡೆದು ಬರುವಾಗ ಒಬ್ಬ ಅಡ್ಡಗಟ್ಟಿ ಮೈಮೇಲೆ ಬಿದ್ದ. ಅವರು ತಗ್ಗಿ ಹೊಡೆತ ತಪ್ಪಿಸಿಕೊಂಡವರೇ ಅವನ ತೊಡೆಸಂದಿಗೆ ಕೈಹಾಕಿ ಬಿಗಿಯಾಗಿ ಹಿಡಿದುಬಿಟ್ಟರು. ಗಸ್ತಿನ ಪೊಲೀಸ್ ಬರುವವರೆಗೂ ಬಿಡಲಿಲ್ಲ. ಬೇರೆಯವರಾಗಿದ್ದರೆ ಸಾಯುವ ತನಕ ಹೇಳಿಕೊಂಡು ತಿರುಗುವ ಕಥೆ. ಇವರು ನಾಚಿಕೊಂಡರು: ಕಳ್ಳ ಯುದ್ಧದಿಂದ ಮರಳಿ ಕೆಲಸವಿಲ್ಲದೆ ಅಲೆಯುತ್ತಿದ್ದವನಿರಬೇಕು, ಶಿಷ್ಯರಿಗೆ ಮಾಡಬೇಡಿ ಎಂದದ್ದನ್ನು ನಾನೇ ಮಾಡಿದೆನಲ್ಲ ಎಂದು.

1957ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಜಪಾನ್ ಕರಾಟೆ ಸಂಘ ತನ್ನ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಸಿತು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಟಾ ಚಿನ್ನ ಗೆದ್ದ ರ್ಯೋ ಕಿಯುನಾ ಓಕಿನಾವಾದವನೇ. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಕರಾಟೆ ಇರಲಿಲ್ಲ. ನನ್ನ ಬಳಗದಲ್ಲಿ ಕೆಲವರು ಅದಕ್ಕಾಗಿ ವಾರಗಟ್ಟಲೆ ಮರುಗಿದರು. ನನಗೆ ಮಾತ್ರ ಅಂಥ ದುಃಖವೇನೂ ಆಗಲಿಲ್ಲ.